ಮ್ಯಾಲಿನ ಮನಿಯ ಮೆತ್ತನ್ನ ಬಿಸ್ಕೀಟು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಕೆಲವರು ಪಕ್ಕದವರ ಎರೆಹೊಲ ಕಂಡು ಉರಿದುಕೊಳ್ಳುತ್ತಾರೆ, ಕೆಲವರು ಓರಗಿತ್ತಿಯ ಬೋರಮಾಳ ಸರ ಕಂಡು, ಇನ್ನು ಕೆಲವರು ಪರರ ಮಕ್ಕಳು ಪಾಸಾದದ್ದು ಕಂಡು. ಅವೆಲ್ಲ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಬರುವಂಥ ಹೊಟ್ಟೆಕಿಚ್ಚುಗಳು. ಕೇಳಿದವರು ತಲೆದೂಗಿ, 'ಯಾರಿಗಾದರೂ ಆಗೂದ' ಎನ್ನುತ್ತಾರೆ. ನಾನು ಮಾತ್ರ ನನ್ನ ಪ್ರಾಯದ ಅತ್ಯುತ್ತಮ ಹೊಟ್ಟೆಕಿಚ್ಚನ್ನು ಒಂದು ಬಿಸ್ಕೀಟಿನ ಮೇಲೆ ಖರ್ಚು ಮಾಡಿದೆ. ಅದೂ ಅಂಚು ಸೊಟ್ಟಗಿದ್ದ, ಮೈಯೆಲ್ಲ ಹೊಟ್ಟು ಹೊಟ್ಟಾಗಿದ್ದ, ದೂರದಿಂದ ನೋಡಿದರೆ ಸಗಣಿಯ ಕುಳ್ಳಿನ ಚೂರಿನಂತೆ ಕಾಣುತ್ತಿದ್ದ ಬಿಸ್ಕೀಟಿನ ಮೇಲೆ. ನನ್ನ ಹೆಸರು ಶಾಂತಾ. ಹೆಸರಿಟ್ಟವರು ನಾನು ದೊಡ್ಡವಳಾಗುವವರೆಗೆ ಸ್ವಲ್ಪ ತಡೆಯಬೇಕಾಗಿತ್ತು.

ಈ ಕಥೆ ನಡೆದದ್ದು ಎಂಬತ್ತರ ದಶಕದ ಮೊದಲಿಗೆ, ಗದಗಿನ ನಮ್ಮ ಮನೆಯಲ್ಲಿ. ಕೆಳಗಿನ ಮನೆಯಲ್ಲಿ ನಾನು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನನ್ನ ಯಜಮಾನರು, ಮತ್ತು ನಮ್ಮ ಅತ್ತೆ. ಮೇಲಿನ ಮನೆ ಬಾಡಿಗೆಗೆ. ಇಡೀ ಓಣಿಯಲ್ಲಿ ನನಗೆ ಒಂದು ಹೆಸರಿತ್ತು. ಅದು ನನ್ನ ರೂಪಕ್ಕೆ ಬಂದದ್ದಲ್ಲ, ಸ್ವಭಾವಕ್ಕಂತೂ ಅಲ್ಲವೇ ಅಲ್ಲ. ಚಕ್ಕಲಿಗೆ ಬಂದದ್ದು. ನನ್ನ ಚಕ್ಕಲಿ ಮುರಿದರೆ ಪಡಸಾಲೆಯಲ್ಲಿ ಕುಳಿತವರಿಗೆ ಕೇಳಿಸಬೇಕು. ಕೋಡಬಳೆ ಕಡಿದರೆ ನಡುಮನೆಯಲ್ಲಿ ಮಲಗಿದವರಿಗೆ ಎಚ್ಚರವಾಗಬೇಕು. ಬಸುರಿಯ ಕುಬಸದ ಕಾರ್ಯಕ್ರಮವಿರಲಿ, ಮನೆ ತುಂಬುವ ಕಾರ್ಯಕ್ರಮವಿರಲಿ, 'ಶಾಂತವ್ವನ್ನ ಕರೀರಿ' ಎನ್ನುತ್ತಿದ್ದರು. ಓಣಿಯ ತುಂಬ ಹೊಗಳಿಕೆ. ಹೊಗಳದವರು ಒಬ್ಬರೇ. ಅವರು ನಮ್ಮ ಅತ್ತೆ.

ಅತ್ತೆ ಲಕ್ಷ್ಮೇಶ್ವರದ ಕಡೆಯವರು. ತವರಿನಲ್ಲಿ ತಲೆಮಾರುಗಳಿಂದ ಗುಡಿಯ ಸೇವೆ ನಡೆಸಿಕೊಂಡು ಬಂದ ಮನೆತನ. ಲಿಂಗಪೂಜೆಯಾಗದೆ ಹನಿ ನೀರೂ ಮುಟ್ಟದ ಹೆಂಗಸು. ಮಾತು ಕಡಿಮೆ. ಮಾಡಿದ ಅಡುಗೆ ಕೆಟ್ಟಿದ್ದರೆ 'ಉಪ್ಪು ಜಾಸ್ತಿ' ಎಂಬ ಎರಡು ಶಬ್ದ. ಚೆನ್ನಾಗಿದ್ದರೆ ಏನೂ ಇಲ್ಲ. ಮದುವೆಯಾದ ಹೊಸದರಲ್ಲಿ ಆ ಎರಡು ಶಬ್ದ ಬರದಿದ್ದರೆ ಸಾಕು ಎಂದುಕೊಂಡಿದ್ದೆ. ಆಮೇಲೆ ಬರಬರುತ್ತ, ಬೇರೆ ಎರಡು ಶಬ್ದ ಬಂದರೆ ಇವರಿಗೇನು ಗಂಟು ಹೋಗುತ್ತದೆ ಎಂದು ಅನಿಸತೊಡಗಿತು. ನಾನು ಕಾಯತೊಡಗಿದೆ. ಹೀಗೆ ಕಾಯುತ್ತಿರುವಾಗಲೇ ಅವರ ಹಲ್ಲುಗಳು ಒಂದೊಂದಾಗಿ ಉದುರಿ ಹೋದವು. ನನ್ನ ಚಕ್ಕಲಿ ಹೊಗಳುವ ಅವಕಾಶವೂ ಹಲ್ಲಿನ ಜೊತೆಗೇ ಹೋಯಿತು. ಹಲ್ಲಿಲ್ಲದವರ ಮನೆಯಲ್ಲಿ ಕುರುಕಲಿಗೆ ಹೆಸರಾದ ಸೊಸೆಯೆಂದರೆ ಕುರುಡರ ಮನೆಗೆ ಚಿತ್ರ ಬರೆಯುವವಳು ಬಂದ ಹಾಗೆ.

ಅಂಥ ಹೊತ್ತಿನಲ್ಲಿ ಮೇಲಿನ ಮನೆಗೆ ಸುಮಿತ್ರಾ ಬಂದಳು. ಅವಳ ಗಂಡ ಕೃಷಿ ಇಲಾಖೆಯ ಅಧಿಕಾರಿ. ಒಣಬೇಸಾಯದ ತರಬೇತಿಗೆಂದು ಸರ್ಕಾರ ಅವರನ್ನು ಕೆನಡಾಕ್ಕೆ ಕಳಿಸಿತ್ತು. ಮಳೆಯಿಲ್ಲದೆ ಬೆಳೆ ಬೆಳೆಯುವುದನ್ನು ನಮ್ಮವರಿಗೆ ಕೆನಡಾದವರು ಹೇಳಿಕೊಡಬೇಕೇ ಎಂದು ನನ್ನ ಯಜಮಾನರು ಕೇಳುತ್ತಿದ್ದರು, ಅದಿರಲಿ. ಗಂಡ ಬೇಸಾಯ ಕಲಿಯುವಾಗ ಹೆಂಡತಿ ಸುಮ್ಮನೆ ಕೂಡಲಿಲ್ಲ. ಅಲ್ಲಿ ಮನೆಯ ಮಾಲಕಿಯಿಂದ ಒಂದು ಬಿಸ್ಕೀಟು ಕಲಿತು ಬಂದಳು. ಬರುವಾಗ ಎರಡು ದೊಡ್ಡ ಡಬ್ಬಿ ಓಟ್ಸ್, ಮೇಪಲ್ ಎಂಬ ಗಿಡದ ರಸ ಕಾಯಿಸಿದ ಪಾಕದ ಸೀಸೆಗಳು, ಇಷ್ಟನ್ನೂ ಸೀರೆಗಳ ನಡುವೆ ಸುತ್ತಿಕೊಂಡು ತಂದಿದ್ದಳು. ಮುಚ್ಚಳಕ್ಕೆ ಗಾಜಿನ ಕಿಟಕಿಯಿದ್ದ ದುಂಡನೆಯ ಕರೆಂಟಿನ ಓವನ್ನನ್ನು ಹುಬ್ಬಳ್ಳಿಯಲ್ಲಿ ಕೊಂಡಳು.

ಬಂದ ವಾರದಲ್ಲಿಯೇ ಒಂದು ಸಂಜೆ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ತಾಟು, ತಾಟಿನ ಮೇಲೆ ಬಿಳಿ ಬಟ್ಟೆ. 'ಅಕ್ಕಾರ, ರುಚಿ ನೋಡ್ರಿ. ಅಮ್ಮಾರಿಗೂ ಕೊಡ್ರಿ, ಮೆತ್ತಗ ಅದಾವ' ಎಂದಳು. ನಾನು ನಕ್ಕು ತೆಗೆದುಕೊಂಡೆ. ಬಿಸ್ಕೀಟು ಎಂದ ಮೇಲೆ ಮೆತ್ತಗಿದ್ದರೆ ಅದು ಮುಗ್ಗಿದ್ದು ಎಂದೇ ನನ್ನ ತಿಳುವಳಿಕೆ. ಪಾಪ, ಕೆಟ್ಟು ಹೋದದ್ದನ್ನು ಗೊತ್ತಾಗದೆ ತಂದಿದ್ದಾಳೆ ಎಂದು ಕನಿಕರವೂ ಆಯಿತು. ಅತ್ತೆಗೆ ಒಂದು ಕೊಟ್ಟು ನಿಂತೆ. ಅವರು ಮುರಿದರು. ಸದ್ದಾಗಲಿಲ್ಲ. ಬಾಯಿಗೆ ಹಾಕಿಕೊಂಡು ಒಸಡಿನಲ್ಲಿಯೇ ಅತ್ತಿತ್ತ ಹೊರಳಿಸಿ, ಮೆಲ್ಲಗೆ ಅಗಿದು, ಕಣ್ಣು ಮುಚ್ಚಿ ನುಂಗಿದರು. ಆಮೇಲೆ ನಾನು ವರ್ಷಗಟ್ಟಲೆ ಕಾಯುತ್ತಿದ್ದ ಮಾತನ್ನು ಮೆಟ್ಟಿಲ ಹತ್ತಿರ ನಿಂತಿದ್ದ ಸುಮಿತ್ರಾಳಿಗೆ ಹೇಳಿದರು.

'ಭಾಳ ಚಲೋ ಆಗೇತಿ ನೋಡವಾ.'

ಎಷ್ಟು ಸರಳವಾಗಿ ಬಂತು ಆ ಮಾತು. ಕೆಮ್ಮಲಿಲ್ಲ, ತಡೆಯಲಿಲ್ಲ. ಒಂದು ಚೂರು ನಾನೂ ಬಾಯಿಗೆ ಹಾಕಿಕೊಂಡೆ. ಕೆಟ್ಟಿರಲಿಲ್ಲ. ಅಂಚು ತುಸು ಗಟ್ಟಿ, ನಡುವೆ ಮೃದು. ಅಗಿದರೆ ಹಲ್ಲಿಗೆ ಒಂದಿಷ್ಟು ಅಂಟಿ, ಬಿಡಲು ಮನಸ್ಸಿಲ್ಲದವರ ಹಾಗೆ ನಿಧಾನವಾಗಿ ಬಿಡುತ್ತಿತ್ತು. ದಾಲ್ಚಿನ್ನಿಯ ವಾಸನೆ, ಬೆಣ್ಣೆ, ಅದರ ಹಿಂದೆ ಬೆಲ್ಲವೂ ಅಲ್ಲದ ಜೇನೂ ಅಲ್ಲದ ಒಂದು ಸಿಹಿ. ರುಚಿಯಾಗಿತ್ತು. ಅಷ್ಟು ರುಚಿಯಾಗಿರಬೇಕಾದ ಅಗತ್ಯವಿರಲಿಲ್ಲ.

ಅಂದಿನಿಂದ ವಾರಕ್ಕೊಮ್ಮೆ ಬಿಳಿ ಬಟ್ಟೆಯ ತಾಟು ಕೆಳಗಿಳಿಯತೊಡಗಿತು. ಯಜಮಾನರೂ ಶಾಲೆಯಿಂದ ಬಂದವರು ಮೊದಲು ಬೂಟು ಬಿಚ್ಚುವುದನ್ನು ಬಿಟ್ಟು, 'ಮ್ಯಾಲಿಂದ ಏನರ ಬಂತೇನು?' ಎಂದು ಕೇಳತೊಡಗಿದರು. ನಾನು ಸುಮ್ಮನಿರಲಿಲ್ಲ. ಅತ್ತೆಯ ಕಿವಿಯ ಹತ್ತಿರ ಕುಳಿತು ಅಕ್ಕಿ ಆರಿಸುತ್ತ, 'ಅತ್ತೀ, ಓಟ್ಸ್ ಅಂದ್ರ ಕುದುರಿ ತಿನ್ನೂ ಕಾಳಂತ್ರಿ' ಎಂದೆ. ಅತ್ತೆ 'ಅದಕ್ಕ ಟಾಂಗಾದ ಕುದುರಿ ಸ್ಟೇಶನ್ನಿನ ಏರು ಹತ್ತತಾವ' ಎಂದರು. ಮರುದಿನ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಬೇರೆ ಹೇಳಿದರು. ಇನ್ನೊಂದು ಸಲ, ಆ ಮೇಪಲ್ ಗಿಡಕ್ಕೆ ತೂತು ಹೊಡೆದು, ಗಡಿಗೆ ಕಟ್ಟಿ, ರಸ ಇಳಿಸುತ್ತಾರಂತೆ ಎಂದು ವರ್ಣಿಸಿ, 'ಸಿಂದಿ ಇಳಿಸಿದಂಗ ಆತಲ್ರಿ' ಎಂದು ಶಬ್ದಕ್ಕೆ ಒತ್ತು ಕೊಟ್ಟು ಮುಗಿಸಿದೆ. ಅತ್ತೆ ಒಂದು ಬಿಸ್ಕೀಟು ಎತ್ತಿಕೊಂಡು, 'ಕುದಿಸಿದ ಮ್ಯಾಲ ಎಲ್ಲಾ ಬೆಲ್ಲ' ಎಂದರು.

ದೇವರ ಮೇಲೂ ಭಾರ ಹಾಕಿ ನೋಡಿದೆ. ಒಂದು ದಿನ ಮೇಲೆ ಓವನ್ ಹಚ್ಚಿದ ವಾಸನೆ ಕೆಳಗೆ ಬರುತ್ತಿರುವಾಗಲೇ ಇಡೀ ಓಣಿಯ ಕರೆಂಟು ಹೋಯಿತು. ಕರೆಂಟು ಹೋದದ್ದಕ್ಕೆ ಗದಗಿನಲ್ಲಿ ಅಂದು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು. ಹಿಟ್ಟು ಹಿಟ್ಟಾಗಿಯೇ ಉಳಿಯಲಿ ಎಂದುಕೊಂಡು ಕಂದೀಲು ಒರೆಸುತ್ತ ಹಾಡು ಗುನುಗಿದೆ. ಅರ್ಧ ತಾಸಿಗೆ ಸುಮಿತ್ರಾ ಇಳಿದು ಬಂದಳು. 'ಅಕ್ಕಾರ, ಕರೆಂಟು ಹೋಗಿದ್ದ ಚಲೋ ಆತು ನೋಡ್ರಿ. ಒಳಗಿನ ಕಾವಿನಾಗ ಕುಂತು ಇನ್ನೂ ಮೆತ್ತಗ ಬಂದಾವ' ಎಂದಳು. ಕರೆಂಟಿನ ಇಲಾಖೆಯೂ ಅವಳ ಪಕ್ಷ.

ಆಗ ನಾನೇ ಮಾಡಿ ತೋರಿಸುತ್ತೇನೆ ಎಂದು ನಿಶ್ಚಯಿಸಿದೆ. ಅವಳನ್ನು ಕೇಳಿ ಮಾಡುವುದು ಸಾಧ್ಯವಿರಲಿಲ್ಲ, ಚಕ್ಕಲಿಯ ಮರ್ಯಾದೆ ಅಡ್ಡ ಬರುತ್ತಿತ್ತು. ಅತ್ತೆ ನಿದ್ದೆ ಹೋದ ಮಧ್ಯಾಹ್ನ ದಪ್ಪ ತಳದ ಬೋಗುಣಿಗೆ ಮರಳು ಹಾಕಿ ಶೇಗಡಿಯ ಕೆಂಡದ ಮೇಲಿಟ್ಟೆ. ಓಟ್ಸ್ ಇಲ್ಲದ್ದಕ್ಕೆ ದಪ್ಪವಲಕ್ಕಿ, ಮೇಪಲ್ ಇಲ್ಲದ್ದಕ್ಕೆ ಬೆಲ್ಲದ ಪಾಕ, ಮೈದಾ, ಡಾಲ್ಡಾ. ತಟ್ಟೆಯ ಮೇಲೆ ಬಿಲ್ಲೆ ತಟ್ಟಿ ಒಳಗಿಟ್ಟು ಮುಚ್ಚಿದೆ. ಬೆಂದಿದೆಯೋ ಇಲ್ಲವೋ ಎಂಬ ಅನುಮಾನ. ಇನ್ನಷ್ಟು ಇಟ್ಟೆ. ಅನುಮಾನ ಹೋಗಲಿಲ್ಲ. ಮತ್ತಷ್ಟು ಇಟ್ಟೆ. ಹೊರಗೆ ತೆಗೆದಾಗ ಅವು ತಟ್ಟೆಯ ಮೇಲೆ ಬಿದ್ದ ಸದ್ದಿಗೆ ಅತ್ತೆ ಎದ್ದು ಕುಳಿತು, 'ಯಾರು ಬಂದ್ರವಾ?' ಎಂದು ಕೇಳಿದರು.

ಸಂಜೆ ಯಜಮಾನರು ಒಂದನ್ನು ಕಡಿಯಲು ನೋಡಿ, ಬಾಯಿಂದ ತೆಗೆದು, ಮೇಜಿನ ಅಲುಗಾಡುವ ಕಾಲಿನ ಕೆಳಗಿಟ್ಟರು. ಮೇಜು ನೆಟ್ಟಗೆ ನಿಂತಿತು. 'ಲೆಕ್ಕ ಸರಿ ಬಂತು' ಎಂದರು. ಗಣಿತದ ಮಾಸ್ತರರನ್ನು ಮದುವೆಯಾದರೆ ಇಂಥ ಮಾತೂ ಸಂಸಾರದ ಭಾಗ.

ಅದೇ ಬೇಸಿಗೆಯಲ್ಲಿ ತವರಿಗೆಂದು ಮುಂಡರಗಿಗೆ ಹೋದೆ. ಅಲ್ಲಿ ಒಂದು ಮದುವೆಯಲ್ಲಿ ನನ್ನ ಚಿಕ್ಕಪ್ಪನ ಮಗಳು ಸಿಕ್ಕಳು. ಅವಳು ಹುಬ್ಬಳ್ಳಿಯಲ್ಲಿ ಕೇಕು ಮಾಡುವ ಕ್ಲಾಸಿಗೆ ಹೋಗುತ್ತಿದ್ದಳು. ಮಾತು ಮಾತಿನಲ್ಲಿ ಮೆತ್ತನ್ನ ಬಿಸ್ಕೀಟಿನ ಸುದ್ದಿ ತೆಗೆದೆ. ಅವಳು ಆಚೀಚೆ ನೋಡಿ ದನಿ ತಗ್ಗಿಸಿದಳು. 'ಅಕ್ಕಾ, ಆ ಥರಾ ಮೆತ್ತಗ ಬರಬೇಕಂದ್ರ ಕೋಳಿ ತತ್ತಿ ಹಾಕಬೇಕು. ತತ್ತಿ ಇಲ್ದ ಬರೂದಿಲ್ಲ. ನಮ್ಮ ಕ್ಲಾಸಿನಾಗ ಹಾಕ್ತಾರ, ನಾ ನೋಡಕೋತ ಕುಂದರತೀನಿ.'

ತತ್ತಿ. ನನಗೆ ಆ ಕ್ಷಣದಲ್ಲಿ ಆದ ಆನಂದವನ್ನು ಬರೆಯಲು ಸಂಕೋಚವಾಗುತ್ತದೆ. ನಮ್ಮ ಮನೆಯಲ್ಲಿ ತತ್ತಿ ಎಂಬ ಶಬ್ದವನ್ನೂ ಊಟದ ಹೊತ್ತಿನಲ್ಲಿ ಆಡುವಂತಿರಲಿಲ್ಲ. ಗದಗಿನ ಬಸ್ಸು ಎಷ್ಟು ಕುಲುಕಿದರೂ ನನಗೆ ಉಯ್ಯಾಲೆಯಲ್ಲಿ ಕುಳಿತಂತಿತ್ತು. ಕಪ್ಪತಗುಡ್ಡ ಕೂಡ ಅಂದು ಹಸಿರಾಗಿ ಕಂಡಿತು. ಅತ್ತೆಗೆ ಗೊತ್ತಾದರೆ ಏನಾಗಬಹುದು, ಅವರು ಎಷ್ಟು ನೊಂದುಕೊಳ್ಳಬಹುದು ಎಂಬ ವಿಚಾರ ಡಂಬಳ ದಾಟಿದ ಮೇಲೆ ಒಮ್ಮೆ ಬಂದಿತ್ತು. ಬಂದದ್ದನ್ನು ಅಲ್ಲಿಯೇ ಇಳಿಸಿ ಮುಂದೆ ಬಂದೆ.

ನಮ್ಮ ಮನೆಯಲ್ಲಿ ಸೋಮವಾರ ಸಂಜೆ ಓಣಿಯ ಹೆಂಗಸರು ಕೂಡಿ ವಚನ ಹಾಡುವ ರೂಢಿಯಿತ್ತು. ಹಾಡು ಮುಗಿದ ಮೇಲೆ ಚಹಾ, ನನ್ನ ಚಕ್ಕಲಿ, ಮತ್ತು ಈಗೀಗ ಸುಮಿತ್ರಾಳ ತಾಟು. ಆ ಸೋಮವಾರ ತಾಟು ಸುತ್ತಿ ಬರುತ್ತಿತ್ತು. ಅತ್ತೆ ಕಂಬಕ್ಕೊರಗಿ ಕುಳಿತು ಆಗಲೇ ಅಗಿಯುತ್ತಿದ್ದರು. ನಾನು ಚಹಾದ ಕಪ್ಪು ಹಂಚುತ್ತ, ಈಗಷ್ಟೇ ನೆನಪಾದವಳಂತೆ ಕೇಳಿದೆ.

'ಸುಮಿತ್ರಾ, ಇಂಥಾ ಬಿಸ್ಕೀಟಿಗೆ ತತ್ತಿ ಹಾಕ್ತಾರಂತಲ್ಲ, ಖರೆ ಏನವಾ?'

ಬಾಯಿಗೆ ಹೋಗುತ್ತಿದ್ದ ಕೈಗಳೆಲ್ಲ ನಡುದಾರಿಯಲ್ಲಿ ನಿಂತವು. ಒಬ್ಬಾಕೆ ನುಂಗಿದ್ದನ್ನು ಹೇಗೆ ಹಿಂದಕ್ಕೆ ತರುವುದು ಎಂಬಂತೆ ಗಂಟಲು ಹಿಡಿದುಕೊಂಡಳು. ಸುಮಿತ್ರಾಳ ಮುಖ ಬಿಳಿಚಿತು. ಅವಳು ನನ್ನನ್ನು ನೋಡಲಿಲ್ಲ, ಅತ್ತೆಯನ್ನು ನೋಡಿದಳು. ನಾನೂ ಅತ್ತೆಯನ್ನು ನೋಡಿದೆ. ಅತ್ತೆ ಬಾಯಲ್ಲಿದ್ದದ್ದನ್ನು ಅವಸರವಿಲ್ಲದೆ ಅಗಿದು ಮುಗಿಸಿದರು.

'ಹಾಕ್ತಾರಂತ. ಆ ದೇಶದಾಗ' ಎಂದರು. 'ಈಕಿ ಮೊದಲನೇ ಸಲ ಮಾಡೂಕಿಂತ ಮುಂಚೇನ ನನ್ನ ಹತ್ರ ಬಂದಿದ್ಲು. ಅಮ್ಮಾರ, ಇದಕ್ಕ ತತ್ತಿ ಹಾಕೂದು ಪದ್ಧತಿ, ಅದರ ಬದಲಿ ಏನು ಹಾಕಲಿ ಅಂತ ಕೇಳಿದ್ಲು. ಚಲೋತ್ನಾಗಿ ಹಣ್ಣಾದ ಬಾಳೆಹಣ್ಣು ಕಿವುಚಿ ಹಾಕು ಅಂತ ನಾನ ಹೇಳೇನಿ. ತಿನ್ರಿ, ಆರತಾವ.'

ಕೈಗಳು ಮತ್ತೆ ಬಾಯಿಯ ಕಡೆಗೆ ಹೊರಟವು. ಗಂಟಲು ಹಿಡಿದಾಕೆ ಇನ್ನೊಂದು ತೆಗೆದುಕೊಂಡಳು. ನಾನು ಬರಿದಾದ ಚಹಾದ ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ನಡೆದೆ. ತತ್ತಿ ಇಲ್ಲದ್ದು ಹೋಗಲಿ. ಅಲ್ಲಿ ಬಾಳೆಹಣ್ಣಿತ್ತು, ಮತ್ತು ಬಾಳೆಹಣ್ಣು ನಮ್ಮ ಅತ್ತೆಯದಾಗಿತ್ತು. ನನಗೆ ಒಂದು ದಿನವೂ ಒಗ್ಗರಣೆಗೆ ಸಾಸಿವೆ ಎಷ್ಟು ಎಂದು ಹೇಳಿಕೊಡದ ಅತ್ತೆ ಮೇಲಿನ ಮನೆಯವಳಿಗೆ ಬಾಳೆಹಣ್ಣು ಹೇಳಿಕೊಟ್ಟಿದ್ದರು. ನನ್ನ ಹೊಟ್ಟೆಕಿಚ್ಚಿಗೆ ಇಷ್ಟು ದಿನ ಸರಿಯಾದ ವಿಳಾಸವೇ ಗೊತ್ತಿರಲಿಲ್ಲವೆಂದು ಆಗ ತಿಳಿಯಿತು.

ಹೆಂಗಸರೆಲ್ಲ ಹೋದ ಮೇಲೆ ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಬಯ್ಯುತ್ತಾರೆ ಎಂದು ಕಪ್ಪು ತಿಕ್ಕುತ್ತ ಬೆನ್ನು ತಿರುಗಿಸಿಕೊಂಡೇ ಕುಳಿತೆ. ಅವರು ಮಣೆ ಎಳೆದುಕೊಂಡು ಕುಳಿತರು.

'ಎಂದರ ಒಂದಿನ ಇದನ್ನ ನೀನು ನನಗ ಕೇಳತೀದಿ ಅಂತ ತಿಳಕೊಂಡಿದ್ದೆ' ಎಂದರು. 'ಆದ್ರ ಮಂದಿ ಮುಂದ ಕೇಳತೀದಿ ಅಂತ ತಿಳಕೊಂಡಿದ್ದಿಲ್ಲ.'

ಅದನ್ನು ಅವರು ಎಷ್ಟು ಸಮಾಧಾನದಿಂದ ಹೇಳಿದರೆಂದರೆ ನನಗೆ ಅಳು ಬಂತು. ಅಳುವಿನ ಜೊತೆಗೆ ಒಳಗಿದ್ದದ್ದೂ ಬಂತು. 'ಮೊದಲನೇ ದಿನಾನ ಆಕಿಗೆ ಭಾಳ ಚಲೋ ಅಂದ್ರಿ. ನನಗ ಇಷ್ಟು ವರ್ಷದಾಗ ಒಂದಿನಾನೂ ಅಂದಿಲ್ಲ ನೀವು' ಎಂದೆ. ಹೇಳಿದ ಮೇಲೆ, ಇದೇನು ಚಿಕ್ಕ ಮಕ್ಕಳ ಹಾಗೆ ಎಂದು ನಾಚಿಕೆಯಾಯಿತು.

ಅತ್ತೆಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. 'ಮನಿಯಾಕಿಗೆ ಹಂಗ ಅಂತಾರೇನು? ಆಕಿ ಹೊರಗಿನಾಕಿ, ತಾಟು ಹಿಡಕೊಂಡು ಬಂದು ನಿಂತಿರತಾಳ, ಏನರ ಅನ್ನಬೇಕು. ನಾ ರೊಟ್ಟಿ ಬಡಿಯೂ ಕಾಲಕ್ಕ ನನ್ನ ರೊಟ್ಟಿ ಚಲೋ ಆಗ್ಯಾವ ಅಂತ ನನಗ ನಾನ ಹೇಳಕೊಂತಿದ್ನೇನು? ನಿನ್ನ ಕೈ ಅಡಗಿ ಅಂದ್ರ ನನ್ನ ಕೈ ಅಡಗಿ ಇದ್ದಂಗ' ಎಂದರು. ಮಣೆ ಬಿಟ್ಟು ಏಳುತ್ತ, 'ಬದನಿಕಾಯಿ ಪಲ್ಯಾಕ್ಕ ಇವತ್ತು ಉಪ್ಪು ಜಾಸ್ತಿ ಆಗಿತ್ತು' ಎಂದು ಸೇರಿಸಿದರು.

ಇದು ಹೊಗಳಿಕೆಯೋ, ಬೈಗುಳವೋ, ಅಥವಾ ಹೊಗಳಿಕೆ ಇನ್ನು ಮುಂದೆ ಎಂದೂ ಬರುವುದಿಲ್ಲ ಎಂಬ ನೋಟಿಸೋ ನನಗೆ ತಿಳಿಯಲಿಲ್ಲ. ಆದರೆ ಕಪ್ಪುಗಳನ್ನು ಎಂದಿಗಿಂತ ಚೊಕ್ಕಟಾಗಿ ತಿಕ್ಕಿದೆ.

ಸುಮಿತ್ರಾ ಸಿಟ್ಟಾಗಿ ಒಂದೆರಡು ವಾರ ಮಾತು ಬಿಟ್ಟಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವಳು ಮರುದಿನ ಬೆಳಿಗ್ಗೆಯೇ ಬಂದು, 'ಅಕ್ಕಾರ, ಇವತ್ತು ಮಾಡಾಕತ್ತೀನಿ, ಮ್ಯಾಲ ಬರ್ರಿ, ಕೂಡೇ ಮಾಡೋಣು' ಎಂದಳು. ಹೋದೆ. ಬೆಣ್ಣೆ ನಾದಿದಳು, ಪಾಕ ಸುರಿದಳು, ಅತ್ತೆಯ ಬಾಳೆಹಣ್ಣು ಕಿವುಚಿದಳು, ಓಟ್ಸ್ ಕಲಸಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟಳು. ಓವನ್ನಿನ ಗಾಜಿನೊಳಗೆ ಬಿಲ್ಲೆಗಳ ಅಂಚು ಕೆಂಪಗಾದದ್ದೇ ಸ್ವಿಚ್ಚು ಆರಿಸಿ ಹೊರಗೆ ತೆಗೆದಳು.

'ಇನ್ನೂ ಹಸೀ ಅದಾವಲ್ಲ' ಎಂದೆ.

'ಹಸೀ ಅದಾವ ಅನ್ನಿಸಿದಾಗ ತಗೀಬೇಕ್ರಿ. ಹೊರಗ ತಟ್ಟಿ ಮ್ಯಾಲ ಕುಂತು ತಾವ ಹದಕ್ಕ ಬರತಾವ. ಆಗಿಲ್ಲ ಆಗಿಲ್ಲ ಅಂತ ಇಟಕೊಂಡು ಕುಂತ್ರ ಗಟ್ಟಿ ಆಗಿಬಿಡತಾವ' ಎಂದಳು. ಬಿಸ್ಕೀಟಿನ ಬಗ್ಗೆಯೇ ಹೇಳಿದಳು. ಅವಳಿಗೆ ಎರಡರ್ಥದ ಮಾತು ಬರುತ್ತಿರಲಿಲ್ಲ. ನನಗೆ ಮಾತ್ರ ಎಲ್ಲ ಮಾತಿಗೂ ಎರಡರ್ಥ ಕೇಳಿಸುವ ಕಾಯಿಲೆ.

ಮುಂದಿನ ವರ್ಷ ಅವಳ ಗಂಡನಿಗೆ ರಾಯಚೂರಿಗೆ ವರ್ಗವಾಯಿತು. ಲಾರಿಯಲ್ಲಿ ಸಾಮಾನು ಹೋಯಿತು. ಅತ್ತೆ ಅವಳ ಗಲ್ಲ ಸವರಿ ಉಡಿ ತುಂಬಿ ಕಳಿಸಿದರು. ಎರಡು ದಿನ ಮನೆ ಬಿಕೋ ಎಂದಿತು. ಮೂರನೆಯ ದಿನ ನಾನು ಯಜಮಾನರ ಬೆನ್ನು ಹತ್ತಿದೆ. ಹುಬ್ಬಳ್ಳಿಯಿಂದ ದುಂಡನೆಯ ಓವನ್ ಬಂತು. ಅಲ್ಲಿನ ಔಷಧಿ ಅಂಗಡಿಯಲ್ಲಿ ರೋಗಿಗಳಿಗೆಂದು ಇಟ್ಟ ಓಟ್ಸ್ ಡಬ್ಬಿ ಬಂತು. ಮೇಪಲ್ಲಿಗೆ ಏನು ಮಾಡುವುದು ಎಂದು ಚಿಂತಿಸುತ್ತಿರುವಾಗ ಮುಂಡರಗಿಯಿಂದ ನನ್ನ ಅಣ್ಣ, ಹೊಳೆದಂಡೆಯ ಗಾಣದಲ್ಲಿ ಬೆಲ್ಲವಾಗುವ ಮುನ್ನ ತೆಗೆದ ಕಾಕಂಬಿಯನ್ನು ತಂಬಿಗೆಯಲ್ಲಿ ಹಿಡಿದುಕೊಂಡು ಬಂದ. ಅದನ್ನೇ ಹಾಕಿದೆ. ಗಾಜಿನ ಕಿಟಕಿಗೆ ಮೂಗು ಹಚ್ಚಿ ಕುಳಿತು, ಅಂಚು ಕೆಂಪಗಾದೊಡನೆ, ಇನ್ನೊಂದು ನಿಮಿಷ ಇಡು ಇಡು ಎನ್ನುತ್ತಿದ್ದ ನನ್ನ ಕೈಯನ್ನು ನಾನೇ ಗದರಿಸಿ, ತೆಗೆದೆ.

ಯಜಮಾನರು ತಿಂದು, 'ಭಾಳ ಚಲೋ ಆಗ್ಯಾವ' ಎಂದರು. ಅವರನ್ನು ಯಾರು ಕೇಳಿದ್ದರು? ನಾನು ಅತ್ತೆಯನ್ನು ನೋಡುತ್ತಿದ್ದೆ. ಅತ್ತೆ ಒಂದು ತಿಂದರು. ಏನೂ ಅನ್ನಲಿಲ್ಲ. ಇನ್ನೊಂದು ತೆಗೆದುಕೊಂಡರು. ಅದಕ್ಕೂ ಏನೂ ಅನ್ನಲಿಲ್ಲ. ಮೂರನೆಯದನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದು ಹೋದರು. ಅಂದು ಇಡೀ ಸಂಜೆ ನಾನು ಒಳ್ಳೆಯವಳಾಗಿದ್ದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಕೆಲವು ತಿಂಗಳ ಮೇಲೆ ಬೆಟಗೇರಿಯಲ್ಲಿ ಯಾರದೋ ಮದುವೆಗೆ ಸುಮಿತ್ರಾ ಬರುವವಳಿದ್ದಾಳೆ, ಅತ್ತೆಯನ್ನು ನೋಡಲು ಮನೆಗೂ ಬರುತ್ತಾಳೆ ಎಂಬ ಖಬರು ಬಂತು. ಹಿಂದಿನ ದಿನವೇ ಬೆಣ್ಣೆ ತರಿಸಿದೆ. ಅವಳಿಗೆ ಪ್ರೀತಿಯಿಂದ ಮಾಡಿದೆ ಎಂದು ಎಲ್ಲರೂ ತಿಳಿದರು. ಪ್ರೀತಿ ಇರಲಿಲ್ಲವೆಂದಲ್ಲ. ಅದರ ಜೊತೆಗೆ ಇನ್ನೊಂದು ಆಸೆಯೂ ಇತ್ತು. ನಾನು ಒಂದು ವರ್ಷ ಒಬ್ಬಳೇ ಅನುಭವಿಸಿದ್ದನ್ನು ಅವಳ ಮುಖದ ಮೇಲೆ ಒಂದು ಗಳಿಗೆಯಾದರೂ ನೋಡಬೇಕು. ಒಂದು ಸಣ್ಣ ಗೆರೆ ಮೂಡಿದರೆ ಸಾಕು, ಹೆಚ್ಚಿಗೆ ಬೇಡ. ಬಿಳಿ ಬಟ್ಟೆ ಮುಚ್ಚಿ ತಾಟನ್ನು ಅವಳ ಮುಂದಿಟ್ಟು, ಬೆಳಕು ಅವಳ ಮುಖದ ಮೇಲೆ ಬೀಳುವ ಹಾಗೆ ಎದುರಿಗೆ ಕುಳಿತೆ.

ಸುಮಿತ್ರಾ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

'ಅಕ್ಕಾರ, ನಾ ಮಾಡಿದ್ದಕ್ಕಿಂತ ಚಲೋ ಆಗ್ಯಾವಲ್ರಿ. ಏನು ಹಾಕೀರಿ ಇದಕ್ಕ?'

'ಕಾಕಂಬಿ' ಎಂದೆ, ಅವಳ ಕಣ್ಣು, ಹುಬ್ಬು, ತುಟಿಯ ತುದಿ ಎಲ್ಲವನ್ನೂ ಹುಡುಕುತ್ತ.

'ಎಷ್ಟು ಶಾಣ್ಯಾರದೀರಿ. ನನಗ ಹೊಳೀಲೇ ಇಲ್ಲ ನೋಡ್ರಿ' ಎಂದು ಅವಳು ನಕ್ಕಳು. ಬರಿ ಬಾಯಿಯಿಂದಲ್ಲ, ಮುಖದ ತುಂಬ ನಕ್ಕಳು. ಅತ್ತೆಯ ಕಡೆ ತಿರುಗಿ, 'ಅಮ್ಮಾರ, ನೀವು ಪುಣ್ಯಾ ಮಾಡೀರಿ' ಎಂದಳು. ಮತ್ತೆ ಎರಡು ತಿಂದಳು. ಗಂಡನಿಗೆಂದು ನಾಲ್ಕು ಕಾಗದದಲ್ಲಿ ಕಟ್ಟಿಸಿಕೊಂಡಳು. ನಾನು ಎಷ್ಟು ಹುಡುಕಿದರೂ ಆ ಮುಖದಲ್ಲಿ ಒಂದು ಗೆರೆ ಇರಲಿಲ್ಲ. ಹಿಂದೆ ಎಂದಾದರೂ ಇದ್ದು ಅಳಿಸಿ ಹೋದ ಗುರುತೂ ಇರಲಿಲ್ಲ.

ಅವಳನ್ನು ಟಾಂಗಾಕ್ಕೆ ಹತ್ತಿಸಿ ಬಂದು ಕಟ್ಟೆಯ ಮೇಲೆ ಕುಳಿತೆ. ಯಜಮಾನರು ಬಂದು ಪಕ್ಕದಲ್ಲಿ ಕುಳಿತರು.

'ಯಾಕ ಮಾರಿ ಸಪ್ಪಗ ಮಾಡೀದಿ? ಚಲೋ ಆಗ್ಯಾವ ಅಂದ್ಲಲ್ಲ ಆಕಿ?'

'ಅಂದ್ಲು.'

'ಬರೇ ಬಾಯಿಮಾತಿಗೆ ಅಂದ್ಲೇನು ಮತ್ತ?'

'ಇಲ್ಲ. ಖರೇನ ಅಂದ್ಲು' ಎಂದೆ. 'ಅಷ್ಟು ಖರೇನ ಅನ್ನಾಕ ಆಕಿಗೆ ಹೆಂಗ ಬರತೈತ್ರಿ?'